ಕಂಪನಿ ಗುಟ್ಟು ಹೊರಬಿದ್ದಾಗ ಮಾಹಿತಿ ಕೊಟ್ಟವರ ಗತಿ ಏನು? ಆನ್‌ಲೈನ್ ಬರಹಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಯಾದಗಿರಿಯ ಕಡೇಚೂರು, ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶ, ವಾಡಿ–ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು, ಕಲಬುರಗಿಯ ಬೇಳೆ ಮಿಲ್ಲುಗಳು. ನಮ್ಮ ಭಾಗದಲ್ಲಿ ಸಾವಿರಾರು ಜನ ಇಂಥ ಕಡೆ ದುಡಿಯುತ್ತಾರೆ. ಒಳಗೆ ಏನೋ ತಪ್ಪು ನಡೆದರೆ ಅವರಲ್ಲೇ ಒಬ್ಬರು ಧೈರ್ಯ ಮಾಡಿ ಒಂದು ಫೋಟೋ, ಒಂದು ಕಾಗದ ಕಳಿಸುತ್ತಾರೆ. ಈಗ ಅದು ಬರುವುದು ಪತ್ರಿಕಾ ಕಚೇರಿಗಲ್ಲ. ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗನಿಗೋ, ಸುದ್ದಿ ಜಾಲತಾಣ ಇಟ್ಟುಕೊಂಡ ಹೆಣ್ಣುಮಗಳಿಗೋ ಬರುತ್ತದೆ. ಆಮೇಲೆ ಶುರುವಾಗುವ ಪ್ರಶ್ನೆಗಳು ಇವು. ನಿಮ್ಮ ಪ್ರಕರಣಕ್ಕೆ ನಿಮ್ಮ ವಕೀಲರ ಮಾತೇ ಕೊನೆ. ಆದರೆ ವಕೀಲರ ಹತ್ತಿರ ಹೋಗುವ ಮುಂಚೆ ಇಷ್ಟು ಗೊತ್ತಿದ್ದರೆ ಒಳ್ಳೆಯದು.

ಮಾಹಿತಿ ಕೊಟ್ಟವರ ಹೆಸರು ಹೇಳದೇ ಇರುವ ಹಕ್ಕು ನಮಗಿದೆಯಾ?

ಕಾಯ್ದೆಯಲ್ಲಿ ಬರೆದಿಟ್ಟ ಪೂರ್ಣ ಹಕ್ಕು ಇಲ್ಲ. ಇದನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಯಾಕಂದರೆ "ಪತ್ರಕರ್ತರಿಗೆ ಆ ಹಕ್ಕು ಇದೆ ಅಲ್ವಾ" ಅಂತ ನಂಬಿಕೊಂಡು ಮಾತು ಕೊಟ್ಟವರು ಬಹಳ ಜನ.

ಆ ನಂಬಿಕೆಗೆ ಕಾರಣ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ. ಅದರ 15(2) ಕಲಂ ಪ್ರಕಾರ ಯಾವ ಪತ್ರಿಕೆ, ಸಂಪಾದಕ, ಪತ್ರಕರ್ತರನ್ನೂ ಸುದ್ದಿಯ ಮೂಲ ಹೇಳಿ ಅಂತ ಒತ್ತಾಯಿಸುವಂತಿಲ್ಲ. ಆದರೆ ಅದು ಪ್ರೆಸ್ ಕೌನ್ಸಿಲ್ ಮುಂದೆ ನಡೆಯುವ ವಿಚಾರಣೆಗೆ ಮಾತ್ರ. ಕೋರ್ಟಿಗೂ ಪೊಲೀಸ್ ಠಾಣೆಗೂ ಅನ್ವಯಿಸುವುದಿಲ್ಲ.

1983ರಲ್ಲಿ ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ, ಸಾಕ್ಷ್ಯ ಕಾಯ್ದೆಗೇ ಹೊಸ ಕಲಂ ಸೇರಿಸಿ ಪತ್ರಕರ್ತರ ಮೂಲಗಳಿಗೆ ರಕ್ಷಣೆ ಕೊಡಿ ಅಂತ ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಗಂಡ ಹೆಂಡತಿ ನಡುವಿನ ಮಾತಿಗೆ ಅದರಲ್ಲಿ ರಕ್ಷಣೆ ಇದೆ, ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೂ ಇದೆ. ಪತ್ರಕರ್ತರಿಗೆ ಹೇಳಿದ ಮಾತಿಗೆ ಇಲ್ಲ. ನಲವತ್ತು ವರ್ಷ ಕಳೆದ ಮೇಲೆ ಕಾಯ್ದೆಯನ್ನೇ ಹೊಸದಾಗಿ ಬರೆಯುವಾಗಲೂ ಇದನ್ನು ಸೇರಿಸಲಿಲ್ಲವಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಹಾಗಂತ ಕೈ ಪೂರ್ತಿ ಖಾಲಿ ಇಲ್ಲ. 2021ರ ಅಕ್ಟೋಬರ್ 27ರಂದು ಪೆಗಾಸಸ್ (ಫೋನಿನೊಳಗೆ ನುಗ್ಗಿ ಕದ್ದು ನೋಡುವ ತಂತ್ರಾಂಶ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂಲಗಳ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲಭೂತ ಷರತ್ತುಗಳಲ್ಲಿ ಒಂದು ಅಂತ ಹೇಳಿದೆ. ಹೆಸರು ಕೇಳಿದಾಗ ನಿಮ್ಮ ವಕೀಲರು ಮೊದಲು ಹಿಡಿಯಬೇಕಾದ ಮಾತು ಇದೇ. ಆದರೆ ಇದರ ಮೇಲೆ ಕೋರ್ಟ್ ಪ್ರತಿ ಪ್ರಕರಣದಲ್ಲೂ ತೂಗಿ ನೋಡುತ್ತದೆ. ತೂಕ ನಿಮ್ಮ ಕಡೆಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ನಾನು ಪತ್ರಕರ್ತ ಅಲ್ಲ, ಫೇಸ್‌ಬುಕ್ ಪೇಜಿನಲ್ಲಿ ಬರೆಯುತ್ತೇನೆ. ನನ್ನ ಲೆಕ್ಕ ಬೇರೆಯಾ?

ಅಷ್ಟೇನೂ ಬೇರೆ ಅಲ್ಲ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆ ಅಂತ ಪ್ರತ್ಯೇಕ ಹಕ್ಕೇ ಇಲ್ಲ. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯವೇ ಎಲ್ಲರಿಗೂ, ಸಂಪಾದಕರಿಗೂ ನಿಮಗೂ. ಕೊರಳಲ್ಲಿ ಪ್ರೆಸ್ ಕಾರ್ಡ್ ಇದ್ದರೆ ಹೆಚ್ಚು ರಕ್ಷಣೆ ಅನ್ನುವುದು ತಪ್ಪು ತಿಳಿವಳಿಕೆ. ಆ ಕಾರ್ಡನ್ನು ದುಡ್ಡಿಗೆ ಮಾರುವವರನ್ನು ನಂಬಬೇಡಿ.

ಬೇರೆ ದೇಶಗಳಲ್ಲಿ ಆನ್‌ಲೈನ್ ಬರಹಗಾರರು ಇಂಥ ಕೇಸು ಗೆದ್ದದ್ದು ಇದೆಯಾ?

ಇದೆ. 2004ರ ನವೆಂಬರ್‌ನಲ್ಲಿ ಆಪಲ್ ಕಂಪನಿಯ ಒಂದು ಸಾಧನದ ವಿವರ ಪವರ್‌ಪೇಜ್, ಆಪಲ್‌ಇನ್ಸೈಡರ್ ಅನ್ನುವ ಎರಡು ಜಾಲತಾಣಗಳಲ್ಲಿ ಬಂತು. ಸಾಧನ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಒಳಗೆ ಅದಕ್ಕೆ 'ಆಸ್ಟರಾಯ್ಡ್' ಅಂತ ಗುಟ್ಟಿನ ಹೆಸರಿತ್ತು. ಡಿಸೆಂಬರ್‌ನಲ್ಲಿ ಆಪಲ್ ಕೇಸು ಹಾಕಿತು. ಬರಹಗಾರರ ಮೇಲಲ್ಲ, ಸೋರಿಕೆ ಮಾಡಿದ 'ಅನಾಮಿಕರ' ಮೇಲೆ. ಆ ಅನಾಮಿಕರು ಯಾರು ಅಂತ ತಿಳಿಯಲು ಪವರ್‌ಪೇಜ್‌ನ ಇಮೇಲ್ ನಡೆಸುತ್ತಿದ್ದ ಕಂಪನಿಗೆ ಸಮನ್ಸ್ ಕಳಿಸಿತು. ಬರಹಗಾರರನ್ನು ಮುಟ್ಟದೆ ಹಿತ್ತಲ ಬಾಗಿಲಿಂದ ಬಂದದ್ದು ಗಮನಿಸಿ.

ಕೆಳಗಿನ ಕೋರ್ಟ್ ಆಪಲ್ ಪರ ನಿಂತಿತು. 2006ರ ಮೇ 26ರಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟ್ ಆ ಆದೇಶವನ್ನು ತಿರುಗಿಸಿತು. ಇಮೇಲ್ ಕಂಪನಿ ಸಿವಿಲ್ ಕೇಸಿನ ಸಮನ್ಸಿಗೆ ಪತ್ರಗಳ ಒಳಗಿನದನ್ನು ಕೊಡುವಂತಿಲ್ಲ ಅಂದಿತು. ಯಾವುದು ಅಸಲಿ ಪತ್ರಿಕೋದ್ಯಮ, ಯಾವುದು ಅಲ್ಲ ಅಂತ ಜರಡಿ ಹಿಡಿಯುವುದು ಕೋರ್ಟಿನ ಕೆಲಸ ಅಲ್ಲ, ಜಾಲತಾಣದವರಿಗೂ ಅದೇ ರಕ್ಷಣೆ ಅಂದಿತು. ಇನ್ನೊಂದು ಮಾತು ನಮಗೆ ಜಾಸ್ತಿ ಉಪಯೋಗದ್ದು: ಆಪಲ್ ತನ್ನ ಸ್ವಂತ ನೌಕರರನ್ನು ಪ್ರಮಾಣ ಮಾಡಿಸಿ ವಿಚಾರಿಸಿಯೇ ಇರಲಿಲ್ಲ. ಮನೆಯೊಳಗೆ ಮೊದಲು ಹುಡುಕದೆ ಬರಹಗಾರನ ಹತ್ತಿರ ಬರಬೇಡಿ ಅನ್ನುವುದು ಕೋರ್ಟಿನ ನಿಲುವು.

ಈ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಅಲ್ಲಿ ಪತ್ರಕರ್ತರ ರಕ್ಷಣೆಗೆ ರಾಜ್ಯದ ಕಾಯ್ದೆಯೇ ಇತ್ತು, ಇಲ್ಲಿ ಇಲ್ಲ. ಆದರೂ ವಾದ ಮಾಡುವಾಗ ತೋರಿಸಬಹುದು. "ಕಂಪನಿ ಮೊದಲು ತನ್ನೊಳಗೆ ತನಿಖೆ ಮಾಡಿದೆಯೇ?" ಅನ್ನುವ ಪ್ರಶ್ನೆಯನ್ನು ಕಲಬುರಗಿ ಕೋರ್ಟಿನಲ್ಲೂ ಕೇಳಬಹುದು, ಕೇಳಲೇಬೇಕು.

ಪ್ರಕಟಿಸುವ ಮುಂಚೆ ಕಂಪನಿಯವರ ಪ್ರತಿಕ್ರಿಯೆ ಕೇಳಿದರೆ ಮೂಲ ಗೊತ್ತಾಗಿಬಿಡುತ್ತದಾ?

ಗೊತ್ತಾಗಬಹುದು. ಇದಕ್ಕೆ ಇಂಗ್ಲೆಂಡಿನ ಒಂದು ಪ್ರಸಿದ್ಧ ಪ್ರಕರಣವಿದೆ. 1989ರ ನವೆಂಬರ್‌ನಲ್ಲಿ 'ದಿ ಎಂಜಿನಿಯರ್' ಪತ್ರಿಕೆಯ ತರುಣ ವರದಿಗಾರ ವಿಲಿಯಂ ಗುಡ್ವಿನ್‌ಗೆ ಒಬ್ಬರು ಫೋನ್ ಮಾಡಿದರು. ಒಂದು ಕಂಪನಿ ಹಣದ ಕಷ್ಟದಲ್ಲಿದೆ, 50 ಲಕ್ಷ ಪೌಂಡ್ ಸಾಲಕ್ಕೆ ಓಡಾಡುತ್ತಿದೆ ಅಂದರು. ಗುಡ್ವಿನ್ ಸರಿಯಾದ ಕೆಲಸವನ್ನೇ ಮಾಡಿದರು, ಕಂಪನಿಗೆ ಫೋನ್ ಹಚ್ಚಿ ನಿಜವೇ ಅಂತ ಕೇಳಿದರು. ಆ ಅಂಕಿಗಳು ತನ್ನ ಗುಪ್ತ ಯೋಜನಾ ಪತ್ರದಲ್ಲಿದ್ದವು ಅಂತ ಕಂಪನಿಗೆ ತಿಳಿಯಿತು. ಕೂಡಲೇ ಕೋರ್ಟಿಗೆ ಹೋಗಿ ತಡೆ ತಂದಿತು. ಟಿಪ್ಪಣಿ ಒಪ್ಪಿಸು ಅಂತ ಆದೇಶವಾಯಿತು. ಅವರು ಒಪ್ಪಿಸಲಿಲ್ಲ, 5,000 ಪೌಂಡ್ ದಂಡ ಬಿತ್ತು. 1996ರ ಮಾರ್ಚ್ 27ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 11 ನ್ಯಾಯಮೂರ್ತಿಗಳು ಈ ಕಡೆ, 7 ಆ ಕಡೆ.

ಪ್ರತಿಕ್ರಿಯೆ ಕೇಳುವುದನ್ನು ಬಿಡಬೇಡಿ. ಅದು ನ್ಯಾಯ, ಮಾನನಷ್ಟದ ಕೇಸು ಬಂದರೆ ನಿಮ್ಮನ್ನು ಕಾಯುವುದೂ ಅದೇ. ಆದರೆ ಕಾಗದದಲ್ಲಿನ ಅಂಕಿ ಅಂಶವನ್ನು ಹಾಗೇ ಓದಿ ಹೇಳಬೇಡಿ. "ಹಳ್ಳಕ್ಕೆ ತ್ಯಾಜ್ಯ ಬಿಡುತ್ತಿದ್ದೀರಿ ಅನ್ನುವ ದೂರು ಇದೆ, ಏನಂತೀರಿ?" ಅಂದರೆ ಸಾಕು. "ಇಂಥ ತಾರೀಕು ಬಿ ಶಿಫ್ಟಿನ ರಿಜಿಸ್ಟರ್‌ನಲ್ಲಿ ಹೀಗೆ ಬರೆದಿದೆ" ಅಂದರೆ ಬಿ ಶಿಫ್ಟಿನ ನಾಲ್ಕು ಜನ ಮರುದಿನವೇ ಮ್ಯಾನೇಜರ್ ಎದುರು ನಿಲ್ಲಬೇಕಾಗುತ್ತದೆ.

ಯಾವುದು ವ್ಯಾಪಾರ ರಹಸ್ಯ, ಯಾವುದು ಅಲ್ಲ?

ನಮ್ಮಲ್ಲಿ ವ್ಯಾಪಾರ ರಹಸ್ಯಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. 2024ರ ಮಾರ್ಚ್‌ನಲ್ಲಿ ಕಾನೂನು ಆಯೋಗ 289ನೇ ವರದಿ ಕೊಟ್ಟು ಒಂದು ಕರಡು ಮಸೂದೆಯನ್ನೂ ಮುಂದಿಟ್ಟಿತು. ಅಕ್ರಮ ಬಯಲು ಮಾಡುವವರಿಗೆ ವಿನಾಯಿತಿ ಇರಬೇಕು ಅಂತ ಅದರಲ್ಲಿ ಹೇಳಿದೆ. ಸದ್ಯಕ್ಕೆ ಕೋರ್ಟುಗಳು ನೋಡುವುದು ಒಪ್ಪಂದ ಮತ್ತು ನಂಬಿಕೆ ದ್ರೋಹದ ತತ್ವ. ಜೊತೆಗೆ ವಿಶ್ವ ವಾಣಿಜ್ಯ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 39ನೇ ವಿಧಿಯಲ್ಲಿ ಮೂರು ಅಳತೆಗೋಲು ಇವೆ: ವಿಷಯ ಎಲ್ಲರಿಗೂ ಗೊತ್ತಿರಬಾರದು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಇರಬೇಕು, ಕಂಪನಿ ಅದನ್ನು ಗುಟ್ಟಾಗಿಡಲು ತಕ್ಕಷ್ಟು ಪ್ರಯತ್ನ ಮಾಡಿರಬೇಕು.

ಔಷಧ ತಯಾರಿಸುವಾಗ ಯಾವ ಹಂತದಲ್ಲಿ ಎಷ್ಟು ಶಾಖ, ಯಾವ ವೇಗವರ್ಧಕ, ಎಷ್ಟು ಹೊತ್ತು ಅನ್ನುವುದು ರಹಸ್ಯ. ಗಿರಾಕಿಗಳ ದರಪಟ್ಟಿ ರಹಸ್ಯ. ಆದರೆ ರಾತ್ರಿ ಟ್ಯಾಂಕರ್ ತಂದು ಹಳ್ಳಕ್ಕೆ ಸುರಿದದ್ದು ರಹಸ್ಯ ಅಲ್ಲ. ಬೇಳೆಗೆ ಮೆಟಾನಿಲ್ ಹಳದಿ ಬಣ್ಣ ಹಚ್ಚುವುದು, ತೊಗರಿ ಬೇಳೆಗೆ ಕೇಸರಿ ಬೇಳೆ ಬೆರೆಸುವುದು ಆಹಾರ ಕಾನೂನಿನಡಿ ಅಪರಾಧ. ಅಪರಾಧವನ್ನು ಗುಟ್ಟಾಗಿಡುವ ಹಕ್ಕು ಯಾವ ಮಾಲೀಕನಿಗೂ ಇಲ್ಲ. 1856ರಲ್ಲೇ ಇಂಗ್ಲೆಂಡಿನ ಕೋರ್ಟ್ ಒಂದು ಉಣ್ಣೆ ದಲ್ಲಾಳಿ ಅಂಗಡಿಯ ಗುಮಾಸ್ತನ ಪ್ರಕರಣದಲ್ಲಿ ಇದನ್ನು ಹೇಳಿತ್ತು.

ಹಾಗಾಗಿ ನಿಮ್ಮ ಕೈಗೆ ಬಂದ ಕಾಗದದಲ್ಲಿ ಎರಡೂ ಇದ್ದರೆ ಬೇರ್ಪಡಿಸಿ. ಜನರಿಗೆ ಬೇಕಾದದ್ದು ಅವರು ಕುಡಿಯುವ ನೀರಿನ ವಿಷಯ. ಔಷಧದ ಪಾಕ ಅವರಿಗೆ ಬೇಡ. ಅದನ್ನು ಪ್ರಕಟಿಸಿದರೆ ಕಂಪನಿಗೆ ನೀವೇ ಕೈಯಾರೆ ಕೇಸು ಕೊಟ್ಟಂತೆ.

ಕಂಪನಿ ವಕೀಲರಿಂದ ನೋಟಿಸ್ ಬಂದಿದೆ. ಏಳು ದಿನದಲ್ಲಿ ಹೆಸರು ಹೇಳಿ ಅಂತ ಇದೆ. ಹೇಳಲೇಬೇಕಾ?

ಬೇಡ. ವಕೀಲರ ನೋಟಿಸ್ ಕೋರ್ಟಿನ ಆದೇಶ ಅಲ್ಲ. ಆದರೆ ಸುಮ್ನೆ ಮೂಲೆಗೆ ಎಸೆಯಲೂ ಬೇಡಿ. ಮುಂದೆ ದಾವೆ ಬರುವ ಸೂಚನೆ ಅದು. ಎರಡು ಕೆಲಸ ಮಾಡಿ. ವಕೀಲರ ಮೂಲಕ ಚಿಕ್ಕ ಉತ್ತರ ಕೊಡಿಸಿ. ಮತ್ತೆ ಕೇವಿಯಟ್ ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಅಡಿ ಕೇವಿಯಟ್ ಹಾಕಿದರೆ ನಿಮಗೆ ತಿಳಿಸದೆ, ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಸಿಗುವುದು ಕಷ್ಟ. ಅದು 90 ದಿನ ಜೀವಂತ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು. ಖರ್ಚು ಕಡಿಮೆ, ಉಪಯೋಗ ಜಾಸ್ತಿ.

ತಡೆಯಾಜ್ಞೆ ಕೇಳಿದರೆ 2024ರ ಮಾರ್ಚ್ 22ರ ಬ್ಲೂಮ್‌ಬರ್ಗ್–ಝೀ ಆದೇಶವನ್ನು ತೋರಿಸಿ. ಅದು ಬ್ಲೂಮ್‌ಬರ್ಗ್ ಸುದ್ದಿ ಸಂಸ್ಥೆಯ ಮೇಲೆ ಝೀ ಟಿವಿ ಕಂಪನಿ ಹಾಕಿದ ಮಾನನಷ್ಟದ ದಾವೆ. ವಿಚಾರಣೆಗೆ ಮೊದಲೇ ಬರಹಕ್ಕೆ ತಡೆ ಕೊಡುವುದು ಅಪರೂಪದ ಪ್ರಕರಣಗಳಲ್ಲಿ ಮಾತ್ರ ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ಪೊಲೀಸರು ಕರೆದರೆ?

ಕಂಪನಿಗಳು ಈಗ ಸಿವಿಲ್ ದಾವೆಗಿಂತ ಪೊಲೀಸ್ ದೂರನ್ನೇ ಇಷ್ಟಪಡುತ್ತವೆ ಅನ್ನುವುದು ನನ್ನ ಅನಿಸಿಕೆ. ದೂರಿನಲ್ಲಿ ಸಾಮಾನ್ಯವಾಗಿ ಬರುವುದು ಕಳವು, ನಂಬಿಕೆ ದ್ರೋಹ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ. 66ಕ್ಕೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಮೊದಲು ತಿಳಿಯಬೇಕಾದದ್ದು, ನಿಮ್ಮನ್ನು ಸಾಕ್ಷಿ ಅಂತ ಕರೆದಿದ್ದಾರಾ, ಆರೋಪಿ ಅಂತಲಾ? ಲಿಖಿತ ನೋಟಿಸ್ ಕೇಳಿ. ಫೋನಿನಲ್ಲಿ "ಸ್ವಲ್ಪ ಠಾಣೆ ಕಡೆ ಬಂದು ಹೋಗ್ರಿ" ಅಂದರೆ ಅದು ನೋಟಿಸ್ ಅಲ್ಲ. ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಸಾಕ್ಷಿಗಳಿಗೆ. ಹೆಂಗಸರನ್ನು, 60 ದಾಟಿದವರನ್ನು ಅದರಡಿ ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು. 35(3) ಕಲಂ ನೋಟಿಸ್ ಬಂದರೆ ನಿಮ್ಮ ಮೇಲೆ ಅನುಮಾನ ಇದೆ ಅಂತ ಅರ್ಥ. ಆಗ ವಕೀಲರಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ. 94ನೇ ಕಲಂ ಅಡಿ ಕಾಗದ, ಫೋನ್, ಲ್ಯಾಪ್‌ಟಾಪ್ ತಂದು ಕೊಡಿ ಅಂತ ಕೇಳಬಹುದು.

ತನ್ನ ಮೇಲೇ ಆರೋಪ ಬರುವಂಥ ಉತ್ತರ ಕೊಡದೇ ಇರಬಹುದು. ಆದರೆ ಈ ರಕ್ಷಣೆ ನಿಮಗೆ, ನಿಮ್ಮ ಮೂಲಕ್ಕಲ್ಲ. ಕೋರ್ಟಿನಲ್ಲಿ ನಿಂತು ಹೆಸರು ಹೇಳಲ್ಲ ಅಂದರೆ ಶಿಕ್ಷೆಯಾಗುವ ಸಾಧ್ಯತೆ ಇದೆ ಅಂತ ತಿಳಿದೇ ಹಾಗೆ ನಿಲ್ಲಬೇಕು.

ನೀವು ಮಾಹಿತಿಯನ್ನು ಪಡೆದ ರೀತಿ ಇಲ್ಲಿ ಬಹಳ ಮುಖ್ಯ. ಯಾರೋ ತಾವಾಗಿ ಕಳಿಸಿದ್ದನ್ನು ಪಡೆಯುವುದು ಒಂದು. "ಮ್ಯಾನೇಜರ್ ಲಾಗಿನ್ ಹಾಕಿ ಆ ಫೈಲ್ ತೆಗೆದುಕೊಂಡು ಬಾ" ಅಂತ ಹೇಳುವುದು ಇನ್ನೊಂದು. ಎರಡನೆಯದು ಮಾಡಿದರೆ ನೀವು ಬರಹಗಾರ ಆಗಿ ಉಳಿಯುವುದಿಲ್ಲ, ಕುಮ್ಮಕ್ಕು ಕೊಟ್ಟ ಆರೋಪಿ ಆಗುತ್ತೀರಿ.

ಫೋನ್ ತೆಗೆದುಕೊಂಡು ಪಾಸ್‌ವರ್ಡ್ ಕೇಳಿದರೆ?

ಈ ವಿಷಯದಲ್ಲಿ ನಮ್ಮ ಹೈಕೋರ್ಟಿನದೇ ತೀರ್ಪಿದೆ. 2021ರ ಮಾರ್ಚ್ 12ರ ವೀರೇಂದ್ರ ಖನ್ನಾ ಪ್ರಕರಣ. ಪಾಸ್‌ವರ್ಡ್ ಕೊಡಿ ಅಂತ ಕೋರ್ಟ್ ಹೇಳಿದರೆ ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಅಂತ ಅದರಲ್ಲಿ ಹೇಳಿದೆ. ಇದು ನಮಗೆ ಕಹಿ. ಆದರೆ ಅದೇ ತೀರ್ಪು ಸಾಧನಗಳನ್ನು ಹೇಗೆ ವಶಪಡಿಸಿಕೊಳ್ಳಬೇಕು ಅಂತ ವಿವರವಾದ ನಿಯಮಗಳನ್ನೂ ಕೊಟ್ಟಿದೆ. ಸಿಕ್ಕ ಖಾಸಗಿ ಮಾಹಿತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ ಅಂತಲೂ ಹೇಳಿದೆ. ದೂರು ಕೊಟ್ಟ ಕಂಪನಿಗೆ ನಿಮ್ಮ ಫೋನಿನಲ್ಲಿದ್ದದ್ದು ತಲುಪಬಾರದು ಅಂತ ವಾದಿಸಲು ಈ ಮಾತು ಬೇಕಾಗುತ್ತದೆ.

2023ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕೂಡ ಪತ್ರಕರ್ತರ ಸಾಧನಗಳ ವಶ ಗಂಭೀರ ವಿಷಯ, ಮಾರ್ಗಸೂಚಿ ಬೇಕು ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ವಶಪಡಿಸಿಕೊಳ್ಳುವುದನ್ನು ವಿಡಿಯೊ ಮಾಡಬೇಕು ಅಂತ ಹೊಸ ಸಂಹಿತೆಯ 105ನೇ ಕಲಂ ಹೇಳುತ್ತದೆ. ಪಂಚನಾಮೆಯ ಪ್ರತಿ, ಸಾಧನದ ಹ್ಯಾಶ್ ಮೌಲ್ಯ (ಒಳಗಿನ ಮಾಹಿತಿ ಆಮೇಲೆ ಬದಲಾದರೆ ತೋರಿಸಿಕೊಡುವ ಸಂಖ್ಯೆ) ಎರಡನ್ನೂ ಕೇಳಿ ಪಡೆಯಿರಿ. ಕ್ರಮ ತಪ್ಪಿದರೆ ಬೆಂಗಳೂರಿಗೆ ಓಡಬೇಕಿಲ್ಲ. 2013ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಕಾಯಂ ಪೀಠ ಇದೆ. ಬೀದರ್, ಯಾದಗಿರಿಯವರಿಗೂ ಅದೇ.

ವಾಟ್ಸಾಪ್, ಗೂಗಲ್, ಫೇಸ್‌ಬುಕ್‌ನವರು ನಮ್ಮ ವಿವರ ಕೊಟ್ಟುಬಿಡುತ್ತಾರಾ?

ಅಧಿಕಾರ ಇರುವ ಸಂಸ್ಥೆ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕು ಅಂತ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿದೆ. ನೀವು ಖಾತೆ ಮುಚ್ಚಿದರೂ ನೋಂದಣಿಯ ವಿವರ 180 ದಿನ ಅವರ ಹತ್ತಿರ ಇರುತ್ತದೆ. ಸಿವಿಲ್ ಕೇಸಿನಲ್ಲೂ ಅನಾಮಿಕ ಖಾತೆಯ ಫೋನ್ ನಂಬರ್, ಐಪಿ ವಿಳಾಸ ಕೊಡಿ ಅಂತ ನಮ್ಮ ಕೋರ್ಟುಗಳು ಆದೇಶ ಮಾಡುವುದುಂಟು. ವಾಟ್ಸಾಪ್ ಸಂದೇಶದ ಒಳಗಿನದು ಕಂಪನಿಗೆ ಕಾಣದಿದ್ದರೂ ನೀವು ಯಾರ ಜೊತೆ ಯಾವಾಗ ಮಾತಾಡಿದ್ದೀರಿ ಅನ್ನುವುದರಿಂದಲೇ ಅರ್ಧ ಕಥೆ ತಿಳಿಯುತ್ತದೆ.

ಹೆಸರು ಹಾಕಿಲ್ಲ, ಕಾಗದದ ಫೋಟೋ ಮಾತ್ರ ಹಾಕಿದ್ದೇನೆ. ಸಾಕಲ್ವಾ?

ಸಾಲದು. ಬಹುಪಾಲು ಜನ ಸಿಕ್ಕಿಬೀಳುವುದು ಕೋರ್ಟಿನಿಂದಲ್ಲ, ಕಾಗದದಿಂದ.

ಒಂದು ಬ್ಯಾಚ್ ಶೀಟಿನ ಫೋಟೋ ಅಂದುಕೊಳ್ಳಿ. ಮೇಲೆ ಬ್ಯಾಚ್ ನಂಬರ್. ಬಲಗಡೆ ಆಪರೇಟರ್ ಸಹಿಯ ಎರಡಕ್ಷರ. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಿಂಟ್ ತೆಗೆದವರ ಲಾಗಿನ್ ಸಂಖ್ಯೆ, ನಿಮಿಷದ ಸಮೇತ ಸಮಯ. ಮೂಲೆಯಲ್ಲಿ ಹಾಳೆ ಹಿಡಿದ ಹೆಬ್ಬೆರಳು, ಉಗುರಿನ ಮೇಲೊಂದು ಹಳೆಯ ಕಪ್ಪು ಕಲೆ. ಹಿಂದೆ ಸ್ಟೀಲ್ ಮೇಜು, ಅದರ ಮೇಲೆ ಯಾರದೋ ಟಿಫಿನ್ ಡಬ್ಬಿ. ಈ ಫೋಟೋ ಹಾಕಿದರೆ ಹೆಸರು ಬರೆದದ್ದಕ್ಕಿಂತ ಕಡಿಮೆ ಏನಲ್ಲ.

ಜೊತೆಗೆ ಫೋಟೋದ ಫೈಲಿನಲ್ಲೇ ಫೋನಿನ ಮಾದರಿ, ತೆಗೆದ ಹೊತ್ತು, ಕೆಲವೊಮ್ಮೆ ಜಾಗವೂ ಅಡಗಿರುತ್ತದೆ. ಕೆಲವು ಕಂಪನಿಗಳು ಒಬ್ಬೊಬ್ಬರಿಗೆ ಒಂದೊಂದು ಪದ ಬದಲಿಸಿ ಕಾಗದ ಹಂಚುತ್ತವೆ. ಕೆಲವು ಬಣ್ಣದ ಪ್ರಿಂಟರ್‌ಗಳು ಕಣ್ಣಿಗೆ ಕಾಣದ ಹಳದಿ ಚುಕ್ಕೆಗಳಲ್ಲಿ ಯಂತ್ರದ ಸಂಖ್ಯೆ, ದಿನಾಂಕ ಮೂಡಿಸುತ್ತವೆ. ಆದ್ದರಿಂದ ಕಾಗದವನ್ನು ಹಾಗೇ ಹಾಕಬೇಡಿ. ಓದಿ, ಅದರ ವಿಷಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಇಷ್ಟು ಮಾಡಿದರೆ ಎಷ್ಟೋ ಜನರ ನೌಕರಿ ಉಳಿಯುತ್ತದೆ.

ನೋಟಿಸ್ ಬಂತು. ಎಲ್ಲಾ ಅಳಿಸಿಬಿಡಲಾ?

ಖಂಡಿತ ಬೇಡ. ಕೇಳುತ್ತಾರೆ ಅಂತ ಗೊತ್ತಾದ ಮೇಲೆ ಸಾಕ್ಷ್ಯ ಅಳಿಸುವುದು ಬೇರೆಯೇ ಅಪರಾಧ. ಏನು ಇಟ್ಟುಕೊಳ್ಳಬೇಕು, ಏನು ಬೇಡ ಅನ್ನುವುದನ್ನು ಮೊದಲ ದಿನವೇ ತೀರ್ಮಾನಿಸಿ. ಬೇಡದ ಹೆಸರು, ನಂಬರ್ ಬರೆದಿಡದೇ ಇದ್ದರೆ ಕೊಡುವ ಪ್ರಶ್ನೆಯೇ ಬರುವುದಿಲ್ಲ.

ಮಾಹಿತಿ ಕೊಟ್ಟ ಕಾರ್ಮಿಕರಿಗೆ ಯಾವ ರಕ್ಷಣೆ ಇದೆ?

ಕಡಿಮೆ. ಅಕ್ರಮ ಬಯಲು ಮಾಡುವವರ ರಕ್ಷಣೆಗೆ 2014ರಲ್ಲಿ ಕಾಯ್ದೆ ಆಯಿತು, ಜಾರಿಗೆ ಬರಲಿಲ್ಲ. ಬಂದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು, ಖಾಸಗಿ ಕಾರ್ಖಾನೆಗಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳು ಒಳಗೇ ದೂರು ಕೊಡುವ ವ್ಯವಸ್ಥೆ ಇಡಬೇಕು ಅಂತ 2013ರ ಕಂಪನಿ ಕಾಯ್ದೆಯ 177ನೇ ಕಲಂ ಹೇಳುತ್ತದೆ. ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ದುಡಿಯುವ ಹುಡುಗನಿಗೆ ಅದು ದೂರದ ಮಾತು. ಕೆಲಸಕ್ಕೆ ಸೇರುವಾಗ ಅವರು ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದಾರಾ ಅಂತ ಕೇಳಿ ತಿಳಿಯಿರಿ. ಸಹಿ ಇದ್ದರೂ ಕಾನೂನುಬಾಹಿರ ಕೆಲಸ ಮುಚ್ಚಿಡುವ ಒಪ್ಪಂದಕ್ಕೆ ಬೆಲೆ ಇಲ್ಲ ಅಂತ 1872ರ ಕರಾರು ಕಾಯ್ದೆಯ 23ನೇ ಕಲಂ ಅಡಿ ವಾದಿಸಬಹುದು.

ಅವರನ್ನು ಅಪಾಯಕ್ಕೆ ದೂಡದೆ ಅದೇ ಮಾಹಿತಿ ಪಡೆಯಲು ದಾರಿ ಇದೆಯಾ?

ಇದೆ, ಮತ್ತು ನನ್ನ ಪ್ರಕಾರ ಮೊದಲು ಹಿಡಿಯಬೇಕಾದ ದಾರಿಯೇ ಇದು. ಕಾರ್ಮಿಕರು ಹೇಳಿದ್ದನ್ನು ಸುಳಿವು ಅಂತ ತಿಳಿಯಿರಿ. ಪುರಾವೆಯನ್ನು ಬಹಿರಂಗ ದಾಖಲೆಯಲ್ಲಿ ಹುಡುಕಿ. 1974ರ ಜಲ ಮಾಲಿನ್ಯ ಕಾಯ್ದೆಯ 25(6) ಕಲಂ ಪ್ರಕಾರ, ಕಾರ್ಖಾನೆಗೆ ಯಾವ ಷರತ್ತು ಹಾಕಿದ್ದೇವೆ ಅನ್ನುವ ರಿಜಿಸ್ಟರ್ ಅನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಇಡಬೇಕು. ತೊಂದರೆಗೆ ಒಳಗಾದವರು ಅದನ್ನು ನೋಡಬಹುದು. ಸೈದಾಪುರ, ಕಡೇಚೂರು ಸುತ್ತಲಿನ ರೈತರು ಕೇಳಿದರೆ ಇಲ್ಲ ಅನ್ನುವಂತಿಲ್ಲ.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ತಪಾಸಣೆಯ ವರದಿ, ನೀರಿನ ಮಾದರಿಯ ಫಲಿತಾಂಶ ಕೇಳಿ. "ವ್ಯಾಪಾರ ರಹಸ್ಯ, ಕೊಡಲ್ಲ" ಅಂತ 8(1)(ಡಿ) ತೋರಿಸಬಹುದು. ಆದರೆ ಅದೇ ಕಲಂನಲ್ಲೇ, ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಅಂತಲೂ ಇದೆ. ಮೇಲ್ಮನವಿಯಲ್ಲಿ ಆ ಸಾಲನ್ನೇ ಹಿಡಿಯಿರಿ. ಸರ್ಕಾರಿ ಮೊಹರಿನ ಕಾಗದ ಕೈಯಲ್ಲಿದ್ದರೆ "ನಿಮಗೆ ಯಾರು ಹೇಳಿದರು?" ಅನ್ನುವ ಪ್ರಶ್ನೆಗೆ ಅದೇ ಉತ್ತರ.

ಹಾಗಾದರೆ "ನಿನ್ನ ಹೆಸರು ಹೇಳಲ್ಲ" ಅಂತ ಮಾತು ಕೊಡಬಹುದಾ?

ಕೊಡಬಹುದು, ಉಳಿಸಿಕೊಳ್ಳುವ ಗಟ್ಟಿತನ ಇದ್ದರೆ. ಆದರೆ ಪೂರ್ತಿ ಸತ್ಯ ಹೇಳಿ ಕೊಡಿ. "ತಮ್ಮಾ, ನನ್ನ ಬಾಯಿಂದ ಹೆಸರು ಬರಲ್ಲ. ಆದರೆ ಫೋನ್ ವಶ ಆಗಬಹುದು, ಕಂಪನಿ ತಾನಾಗಿ ಪತ್ತೆ ಹಚ್ಚಬಹುದು. ಯೋಚನೆ ಮಾಡಿ ಹೇಳು" ಅನ್ನಿ. ಅವರು ಬೇಡ ಅಂದರೆ ಸುದ್ದಿ ಬಿಡಿ. ಕೆಲಸ ಹೋದರೆ ಆ ಮನೆಯ ಒಲೆ ಉರಿಸುವವರು ನಾವಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ. ಏನು ಮಾಡಬೇಕು?

ಮೂರೂ ಜಿಲ್ಲೆಗಳ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಹಾಯವಾಣಿ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾರ್ಖಾನೆ ಕಾರ್ಮಿಕರಿಗೂ ಸಿಗುತ್ತಾರೆ, ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಹಾಗಾಗಿ ಮಾಹಿತಿ ತಂದವರನ್ನು ನಿಮ್ಮ ಹತ್ತಿರ ಬಂದ ದಿನವೇ ಅಲ್ಲಿಗೆ ಕಳಿಸಿ. ನಿಮಗೆ ಹೇಳಿದ್ದನ್ನು ಕೋರ್ಟ್ ನಿಮ್ಮಿಂದ ಕೇಳಬಹುದು. ತಮ್ಮ ವಕೀಲರಿಗೆ ಸಲಹೆಗಾಗಿ ಹೇಳಿದ್ದನ್ನು ವಕೀಲರು ಅವರ ಒಪ್ಪಿಗೆ ಇಲ್ಲದೆ ಬಿಟ್ಟುಕೊಡುವಂತಿಲ್ಲ.